ಕೊನೆ ಗೊತ್ತಾಗಿಬಿಟ್ಟಿದೆ, ಇನ್ನೂ ನೋಡೋದಾ ಬಿಡೋದಾ? ಉತ್ತರ ಸ್ವಲ್ಪ ಉದ್ದ ಇದೆ

ಮೊದಲೇ ಎಚ್ಚರಿಕೆ. ಲಾಸ್ಟ್, ದಿ ಸೊಪ್ರಾನೋಸ್, ಹೌ ಐ ಮೆಟ್ ಯುವರ್ ಮದರ್, ಗೇಮ್ ಆಫ್ ಥ್ರೋನ್ಸ್, ಈ ನಾಲ್ಕು ಟಿವಿ ಸರಣಿಗಳ ಕೊನೆ ಇಲ್ಲಿ ಬರುತ್ತದೆ. ಯಾವುದನ್ನಾದರೂ ಈಗ ನೋಡುತ್ತಿದ್ದರೆ ಆ ಹೆಸರು ಕಂಡ ಕೂಡಲೇ ಪ್ಯಾರಾ ಹಾರಿಸಿಬಿಡಿ. ಮಿಕ್ಕ ಹೆಸರುಗಳು ಕಂಡರೆ ಗಾಬರಿ ಬೇಡ, ಅವುಗಳ ಗುಟ್ಟು ಬಿಟ್ಟುಕೊಟ್ಟಿಲ್ಲ.

ಮೇಡಂ, ನಿಮ್ಮ ಪ್ರಶ್ನೆ ಈ ಗುಂಪಿನಲ್ಲಿ ಮೇಲೆ ನಡೆದ ಜಗಳದಲ್ಲಿ ಮುಚ್ಚಿಹೋಗಿದೆ. ಹಾಗಾಗಿ ಇನ್ನೊಂದು ಸಲ ಹೇಳಿಕೊಳ್ಳುತ್ತೇನೆ. ಆರು ಸೀಸನ್ ಇರುವ ಡ್ರಾಮಾ, ನೀವು ನಾಲ್ಕನೇ ಸೀಸನ್ ಮಧ್ಯದಲ್ಲಿದ್ದೀರಿ. ಒಬ್ಬರು ಬಂದು ಕೊನೆಯಲ್ಲಿ ಸಾಯೋದು ಯಾರು ಅಂತ ಒಂದೇ ಸಾಲಿನಲ್ಲಿ ಬರೆದುಬಿಟ್ಟರು. ಅದರ ಕೆಳಗೆ ಇನ್ನೊಬ್ಬರು "ಕೊನೆ ದರಿದ್ರ, ಈಗಲೇ ಬಿಟ್ಟುಬಿಡಿ, ಟೈಮ್ ವೇಸ್ಟ್" ಅಂದರು. ಉಳಿದ ಎರಡೂವರೆ ಸೀಸನ್ ನೋಡಬೇಕಾ ಅಂತ ನೀವು ಕೇಳಿದ್ದು.

ನೋಡಿ. ನೋಡುವ ರೀತಿ ಮಾತ್ರ ಸ್ವಲ್ಪ ಬದಲಾಯಿಸಿಕೊಳ್ಳಿ.

ಎಲ್ಲರೂ ಮೊದಲನೆಯವರ ಮೇಲೆ ಮುಗಿಬಿದ್ದಿದ್ದಾರೆ. ನನಗೆ ಕೇಳಿದರೆ ಜಾಸ್ತಿ ಪೆಟ್ಟು ಕೊಟ್ಟವರು ಎರಡನೆಯವರು. ಯಾರು ಸಾಯುತ್ತಾರೆ ಅನ್ನೋದು ಕಥೆಯೊಳಗಿನ ಒಂದು ವಿಷಯ, ಅಷ್ಟೆ. "ಕೊನೆ ದರಿದ್ರ" ಅನ್ನೋ ಮಾತು ಹಾಗಲ್ಲ. ಇನ್ನು ಮೇಲೆ ಪ್ರತಿ ಎಪಿಸೋಡಿನಲ್ಲೂ "ಇಲ್ಲಿಂದಲೇ ಕೆಡೋಕೆ ಶುರುವಾಯ್ತಾ?" ಅಂತ ಹುಡುಕುತ್ತಾ ಕೂರುತ್ತೀರಿ. ಹುಡುಕಿದರೆ ಸಿಕ್ಕೇ ಸಿಗುತ್ತದೆ. ಚೆನ್ನಾಗಿರೋ ಸೀನ್ ಬಂದರೂ ಅನುಮಾನ.

ಸ್ಪಾಯ್ಲರ್, ಅಂದರೆ ಕಥೆಯ ಗುಟ್ಟು ಮೊದಲೇ ಬಯಲಾಗೋದು, ಆ ವಿಷಯ ಮೊದಲು ಮುಗಿಸೋಣ. ಕೊನೆ ಗೊತ್ತಾದರೆ ಮಜಾ ಹೋಯಿತು ಅನ್ನೋದು ಎಲ್ಲ ಡ್ರಾಮಾಗಳ ಮಟ್ಟಿಗೂ ನಿಜವಲ್ಲ. 1971ರಲ್ಲಿ ಸರಣಿಯಾಗಿ ಶುರುವಾದ ಕೊಲಂಬೋ ನೆನಪಿಸಿಕೊಳ್ಳಿ. ಕೊಲೆ ಮಾಡಿದ್ದು ಯಾರು ಅಂತ ಆರಂಭದಲ್ಲೇ ತೋರಿಸುತ್ತಿದ್ದರು. ಆಮೇಲೆ ಸುಕ್ಕು ಹಿಡಿದ ಕೋಟಿನ ಆ ಪೊಲೀಸಪ್ಪ ಬರುತ್ತಾನೆ. ಏನೇನೋ ಮಾತಾಡುತ್ತಾನೆ, ಬಾಗಿಲವರೆಗೆ ಹೋಗುತ್ತಾನೆ, ತಿರುಗಿ ಬಂದು ಇನ್ನೊಂದು ಪ್ರಶ್ನೆ ಹಾಕುತ್ತಾನೆ. ಕೊಲೆಗಾರನ ಮುಖ ಬಿಳಿಚಿಕೊಳ್ಳೋದನ್ನು ನೋಡೋಕೇ ಜನ ಕೂರುತ್ತಿದ್ದರು. ಬೆಟರ್ ಕಾಲ್ ಸಾಲ್ ಕೂಡ ಹಾಗೇ, ಅದು ಬ್ರೇಕಿಂಗ್ ಬ್ಯಾಡ್ ಸರಣಿಗಿಂತ ಹಿಂದೆ ನಡೆಯೋ ಕಥೆ. 2015ರಿಂದ 2022ರವರೆಗೆ ಆರು ಸೀಸನ್ ಬಂತು. ಅದರ ನಾಯಕ, ಲಾಯರ್ ಜಿಮ್ಮಿ ಮುಂದೆ ಏನಾಗುತ್ತಾನೆ ಅಂತ ಬ್ರೇಕಿಂಗ್ ಬ್ಯಾಡ್ ನೋಡಿದ್ದವರಿಗೆ ಮೊದಲೇ ಗೊತ್ತಿತ್ತು. ಆದರೂ ಉಗುರು ಕಚ್ಚಿಕೊಂಡು ನೋಡಿದೆವು. ಯಾಕೆಂದರೆ ಅವನ ಜೊತೆಗಾತಿ ಕಿಮ್ ಹಳೇ ಸರಣಿಯಲ್ಲಿ ಇರಲೇ ಇಲ್ಲ. ಹಾಗಾದರೆ ಅವಳಿಗೆ ಏನಾಯ್ತು? ಮುಂದಿನದು ಅಷ್ಟು ಗೊತ್ತಿದ್ದಿದ್ದಕ್ಕೇ ಈ ಭಯ ಹುಟ್ಟಿದ್ದು.

ಹಾಗಂತ "ಸ್ಪಾಯ್ಲರ್ ಒಳ್ಳೇದೇ, ವಿಜ್ಞಾನಿಗಳೇ ಹೇಳಿದ್ದಾರೆ" ಅಂತ ವಾದಿಸುವವರನ್ನೂ ನಂಬಬೇಡಿ. ಅವರು ಹೇಳುವ ಅಧ್ಯಯನ 2011ರದ್ದು. ಸ್ಯಾನ್ ಡಿಯಾಗೋದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಲೆವಿಟ್ ಮತ್ತು ಕ್ರಿಸ್ಟೆನ್‌ಫೆಲ್ಡ್ ಮಾಡಿದ್ದು. ವಿದ್ಯಾರ್ಥಿಗಳಿಗೆ ಸಣ್ಣ ಕಥೆಗಳನ್ನು ಓದಲು ಕೊಟ್ಟರು. ಕೊನೆ ಮೊದಲೇ ಗೊತ್ತಿದ್ದವರಿಗೆ ಕಥೆ ಸ್ವಲ್ಪ ಜಾಸ್ತಿ ಹಿಡಿಸಿತು. ಆಮೇಲೆ ಬೇರೆಯವರು ಮಾಡಿದ ಅಧ್ಯಯನದಲ್ಲಿ ಇದಕ್ಕೆ ಉಲ್ಟಾನೂ ಬಂತು. ಅದೂ ಅಲ್ಲದೆ, ಒಂದೇ ಕೂತಿನಲ್ಲಿ ಓದಿ ಮುಗಿಸೋ ಕಥೆಯೂ, ವರ್ಷಗಟ್ಟಲೆ ಜೊತೆಗಿಟ್ಟುಕೊಂಡ ಡ್ರಾಮಾವೂ ಒಂದೇನಾ?

ನಾನು ಒಂದು ಸುಲಭದ ಪರೀಕ್ಷೆ ಮಾಡಿಕೊಳ್ಳುತ್ತೇನೆ. ಆ ಡ್ರಾಮಾದ ಯಾವುದಾದರೂ ಎಪಿಸೋಡನ್ನು ನೀವಾಗೇ ಎರಡನೇ ಸಲ ನೋಡಿದ್ದೀರಾ? ನೋಡಿದ್ದರೆ, "ಮುಂದೇನು" ಅನ್ನೋದಕ್ಕಿಂತ ಬೇರೆ ಏನೋ ನಿಮ್ಮನ್ನು ಅಲ್ಲಿ ಹಿಡಿದಿಟ್ಟಿದೆ. ಮಾತು ಇರಬಹುದು, ನಟನೆ ಇರಬಹುದು, ಇಬ್ಬರು ಜಗಳವಾಡೋ ರೀತಿ ಇರಬಹುದು. ಸ್ಪಾಯ್ಲರ್ ಅದನ್ನು ಮುಟ್ಟೋಕೆ ಆಗಲ್ಲ. ಒಂದೇ ಒಂದು ಗುಟ್ಟಿನ ಮೇಲೆ ಇಡೀ ಡ್ರಾಮಾ ನಿಂತಿದ್ದರೆ ಮಾತ್ರ ನಷ್ಟ ನಿಜವಾದದ್ದು, ಅಂಥದ್ದಕ್ಕೆ ನಾನೂ ಸಮಾಧಾನ ಹೇಳಲ್ಲ.

ಇನ್ನೊಂದು ವಿಷಯ. ನಿಮಗೆ ಸಿಕ್ಕಿರೋ ಸ್ಪಾಯ್ಲರ್ ಸರಿ ಅಂತ ಯಾರು ಹೇಳಿದ್ದು? ಲಾಸ್ಟ್ ಕಥೆ ಗೊತ್ತಲ್ವಾ. ವಿಮಾನ ಬಿದ್ದು ದ್ವೀಪದಲ್ಲಿ ಸಿಕ್ಕಿಹಾಕಿಕೊಂಡವರ ಕಥೆ, 2004ರಲ್ಲಿ ಶುರುವಾಗಿ 2010ರ ಮೇ 23ಕ್ಕೆ ಮುಗಿಯಿತು. "ಅಯ್ಯೋ ಬಿಡಿ, ಅವರೆಲ್ಲ ಮೊದಲ ದಿನವೇ ಸತ್ತಿದ್ದರಂತೆ" ಅಂತ ಇವತ್ತಿಗೂ ಜನ ಹೇಳುತ್ತಾರೆ. ಅದು ತಪ್ಪು. ಕೊನೆಯ ಸೀಸನ್‌ನಲ್ಲಿ ಪಕ್ಕದಲ್ಲಿ ಇನ್ನೊಂದು ಲೋಕ ತೋರಿಸುತ್ತಾರಲ್ಲ, ಅದು ಸತ್ತ ಮೇಲಿನದು. ದ್ವೀಪದಲ್ಲಿ ನಡೆದದ್ದೆಲ್ಲ ನಿಜವಾಗಿ ನಡೆದದ್ದು. ಕೊನೆಯ ಎಪಿಸೋಡಿನಲ್ಲಿ ನಾಯಕನ ಅಪ್ಪನೇ ಇದನ್ನು ಬಿಡಿಸಿ ಹೇಳುತ್ತಾನೆ. ಆದರೆ ಹೆಸರುಗಳು ಓಡುವಾಗ ಸಮುದ್ರ ತೀರದಲ್ಲಿ ವಿಮಾನದ ಚೂರುಗಳು ಬಿದ್ದಿರೋ ಚಿತ್ರ ಬಂತು. ಒಂದು ಮನುಷ್ಯ ಇಲ್ಲ, ಬರೀ ಅಲೆ ಸದ್ದು. ಅದನ್ನು ಸೇರಿಸಿದ್ದು ಬರೆದವರಲ್ಲ, ಪ್ರಸಾರ ಮಾಡಿದ ಚಾನೆಲ್. ಡ್ರಾಮಾ ಮುಗಿದ ಕೂಡಲೇ ನ್ಯೂಸ್‌ಗೆ ಹಾರಿದರೆ ಜನರಿಗೆ ಒಂಥರಾ ಆಗುತ್ತೆ, ಒಂದು ಗಳಿಗೆ ಸುಮ್ಮನಿರಲಿ ಅಂತ ಹಾಕಿದ್ದು. ಜನ ಅದನ್ನೇ ಉತ್ತರ ಅಂದುಕೊಂಡರು. ಆ ತಪ್ಪು ಸ್ಪಾಯ್ಲರ್ ಕೇಳಿ ಇಡೀ ಸರಣಿಯನ್ನೇ ಮುಟ್ಟದವರು ನನ್ನ ಪರಿಚಯದಲ್ಲೇ ಇಬ್ಬರಿದ್ದಾರೆ. ನಿಮ್ಮ ಕೈಗೆ ಸಿಕ್ಕಿರೋದೂ ಒಬ್ಬರು ಅರ್ಥ ಮಾಡಿಕೊಂಡ ಕೊನೆ, ಅದೂ ಒಂದು ಸಾಲು. ಯಾವಾಗ, ಯಾರಿಂದ, ಯಾಕೆ, ಆಮೇಲೆ ಉಳಿದವರ ಗತಿ ಏನು, ಒಂದೂ ನಿಮಗೆ ಗೊತ್ತಿಲ್ಲ.

ಇಷ್ಟೆಲ್ಲ ಹೇಳೋ ನಾನೇನು ಸಾಚಾ ಅಲ್ಲ. ಒಂದು ಸಂಜೆ ನನ್ನ ತಂಗಿ ಸೋಫಾ ಮೇಲೆ ಕಾಲು ಮಡಚಿ ಕೂತು ನಾನು ಆಗಲೇ ಮುಗಿಸಿದ್ದ ಡ್ರಾಮಾ ನೋಡುತ್ತಿದ್ದಳು. ಅದರಲ್ಲೊಬ್ಬ ಬಂದರೆ ಸಾಕು, ಅವಳ ಮುಖ ಅರಳುತ್ತಿತ್ತು. ನನ್ನ ಬಾಯಿ ಸುಮ್ಮನಿರಲಿಲ್ಲ. "ಅವನನ್ನ ಜಾಸ್ತಿ ಹಚ್ಕೋಬೇಡ ಕಣೇ" ಅಂದೆ. ಅಷ್ಟೇ. ಸಾವು ಅನ್ನೋ ಮಾತೇ ಎತ್ತಿರಲಿಲ್ಲ. ಅವಳು ರಿಮೋಟ್ ತೆಗೆದುಕೊಂಡು ಪಾಸ್ ಮಾಡಿದಳು. ಪರದೆ ಮೇಲೆ ಅವನು ಅರ್ಧ ಬಾಯಿ ತೆರೆದುಕೊಂಡು ಹಾಗೇ ನಿಂತ. ನನ್ನ ಕಡೆ ತಿರುಗದೇ "ಯಾವಾಗ?" ಅಂದಳು. ನಾನು "ಏನು ಯಾವಾಗ?" ಅಂದೆ, ಪೆದ್ದನ ಹಾಗೆ. ಮುಂದಿನ ಎಪಿಸೋಡುಗಳಲ್ಲೆಲ್ಲ ಅವನು ಸುಮ್ನೆ ರಸ್ತೆ ದಾಟಿದರೂ ಇವಳು ದಿಂಬು ಅವುಚಿಕೊಳ್ಳುತ್ತಿದ್ದಳು. ಅವನು ನಿಜವಾಗಿ ಹೋದ ದಿನ ಅಳು ಬರಲಿಲ್ಲವಂತೆ. "ಅಬ್ಬ, ಮುಗೀತು ಅನ್ನಿಸ್ತು" ಅಂದಳು. ಬೈದಿದ್ದರೆ ವಾಸಿ ಇತ್ತು.

ಅದಕ್ಕೇ ಹೇಳೋದು, ಏನೂ ಹೇಳದೆ ಎಲ್ಲ ಹೇಳಿಬಿಡುವ ಮಾತುಗಳೇ ಜಾಸ್ತಿ ಅಪಾಯ. "ಒಂಬತ್ತನೇ ಎಪಿಸೋಡ್ ನೋಡಿ ಬಂದು ಮಾತಾಡಿ." "ಕೊನೆಯಲ್ಲಿ ಒಂದು ಟ್ವಿಸ್ಟ್ ಇದೆ, ನಾನು ಹೇಳಲ್ಲಪ್ಪ." "ನಿಮಗೆ ಅವಳು ಇಷ್ಟಾನಾ? ಹ್ಮ್." ಆ ಹ್ಮ್ ಇದೆಯಲ್ಲ, ಅದೇ ಸ್ಪಾಯ್ಲರ್.

ಹಿಂದೆ ಇಷ್ಟು ಗೋಳು ಇರಲಿಲ್ಲ, ಯಾಕೆಂದರೆ ಎಲ್ಲರೂ ಒಟ್ಟಿಗೆ ಕಾಯುತ್ತಿದ್ದರು. ಡಲ್ಲಾಸ್ ಸರಣಿಯಲ್ಲಿ ಜೆ.ಆರ್. ಅನ್ನೋ ಮುಖ್ಯ ಪಾತ್ರದ ಮೇಲೆ ಗುಂಡು ಹಾರಿದ್ದು 1980ರ ಮಾರ್ಚ್ 21ಕ್ಕೆ. ಹಾರಿಸಿದ್ದು ಯಾರು ಅಂತ ಗೊತ್ತಾಗಿದ್ದು ನವೆಂಬರ್ 21ಕ್ಕೆ. ಎಂಟು ತಿಂಗಳು! ನಟರ ಮುಷ್ಕರ ಬೇರೆ ಸೇರಿ ಕಾಯೋದು ಇನ್ನೂ ಉದ್ದವಾಯಿತು. ಗುಟ್ಟು ಹೊರಗೆ ಹೋಗಬಾರದು ಅಂತ ಬೇರೆ ಬೇರೆಯವರು ಗುಂಡು ಹಾರಿಸುವ ಹಾಗೆ ಹಲವು ಸಲ ಶೂಟ್ ಮಾಡಿಟ್ಟಿದ್ದರು. (ಯಾರು ಅಂತ ನಾನು ಹೇಳಲ್ಲ. ನಾಲ್ಕು ದಶಕ ದಾಟಿದರೂ ಯಾರೋ ಒಬ್ಬರು ಈಗ ನೋಡುತ್ತಿರಬಹುದು.) ಆಮೇಲೆ 2013ರ ಫೆಬ್ರುವರಿ 1ಕ್ಕೆ ನೆಟ್‌ಫ್ಲಿಕ್ಸ್ ಹೌಸ್ ಆಫ್ ಕಾರ್ಡ್ಸ್‌ನ ಮೊದಲ ಸೀಸನ್‌ನ 13 ಎಪಿಸೋಡುಗಳನ್ನೂ ಒಂದೇ ದಿನ ಬಿಟ್ಟಿತು. ಅಂಥದ್ದು ರೂಢಿಯಾದ ಮೇಲೆ ಒಬ್ಬೊಬ್ಬರು ಒಂದೊಂದು ಕಡೆ. ರಾತ್ರಿಯೆಲ್ಲ ಕೂತು ಮುಗಿಸಿದವನಿಗೆ ಹೊಟ್ಟೆ ತುಂಬಾ ಮಾತು, ಕೇಳೋಕೆ ಯಾರೂ ಇಲ್ಲ. ನಿಮಗೆ ಹೇಳಿಬಿಟ್ಟವರೂ ಅಂಥವರೇ ಇರಬೇಕು. ಕೊಬ್ಬಿನಿಂದ ಬರೆದದ್ದಲ್ಲ, ತಡೆಯೋಕಾಗದೆ ಬರೆದದ್ದು.

ಇನ್ನು ಕೊನೆ ಕೆಟ್ಟಿದೆ ಅನ್ನೋ ವಿಷಯ. ಇಷ್ಟು ಚೆನ್ನಾಗಿದ್ದ ಡ್ರಾಮಾ ಒಂದೇ ಎಪಿಸೋಡಿನಿಂದ ಹೇಗೆ ಕೆಟ್ಟಿತು ಅಂತ ಕೇಳಿದ್ದೀರಿ. 1993ರಲ್ಲಿ ಮನಃಶಾಸ್ತ್ರಜ್ಞ ಡೇನಿಯಲ್ ಕಾಹ್ನೆಮನ್ ಮತ್ತು ಜೊತೆಯವರು ಒಂದು ಪ್ರಯೋಗ ಮಾಡಿದರು. ಒಂದು ಸಲ 14 ಡಿಗ್ರಿ ತಣ್ಣೀರಿನಲ್ಲಿ 60 ಸೆಕೆಂಡ್ ಕೈ ಅದ್ದಬೇಕು. ಇನ್ನೊಂದು ಸಲ ಅದೇ 60 ಸೆಕೆಂಡ್, ಮೇಲೆ ಇನ್ನೂ 30 ಸೆಕೆಂಡ್, ಆ ಹೊತ್ತಿನಲ್ಲಿ ನೀರು ನಿಧಾನಕ್ಕೆ 15 ಡಿಗ್ರಿಗೆ ಏರುತ್ತದೆ. ಯಾವುದನ್ನು ಮತ್ತೆ ಮಾಡುತ್ತೀರಿ ಅಂದರೆ ಹೆಚ್ಚು ಜನ ಉದ್ದದ್ದನ್ನೇ ಆರಿಸಿಕೊಂಡರು. ಒಟ್ಟು ನೋವು ಅದರಲ್ಲೇ ಜಾಸ್ತಿ, ಆದರೂ ನೆನಪಿನಲ್ಲಿ ಕೂತಿದ್ದು ಕೊನೆಯ ತುಣುಕು. ಡ್ರಾಮಾದಲ್ಲಿ ಇದೇ ತಿರುಗುಮುರುಗಾಗುತ್ತದೆ. ಎಪ್ಪತ್ತು ಗಂಟೆ ಖುಷಿಪಟ್ಟಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗಾಯ್ತು ಅನ್ನಿಸುತ್ತದೆ.

ಆದರೆ ಜನ ಬೈಯೋ ಕೊನೆಗಳೆಲ್ಲ ಒಂದೇ ಜಾತಿಯವಲ್ಲ. ಸೊಪ್ರಾನೋಸ್ ನೋಡಿ, 2007ರ ಜೂನ್ 10. ಕಥಾನಾಯಕ, ಮಾಫಿಯಾದ ಟೋನಿ, ಅವನ ಹೆಂಡತಿ, ಮಗ ಹೋಟೆಲ್‌ನಲ್ಲಿ ಕೂತಿದ್ದಾರೆ. ಹೊರಗೆ ಮಗಳು ಕಾರು ನಿಲ್ಲಿಸೋಕೆ ಒದ್ದಾಡುತ್ತಿದ್ದಾಳೆ. ಬಾಗಿಲಿನ ಗಂಟೆ ಸದ್ದಾಗುತ್ತದೆ, ಟೋನಿ ತಲೆ ಎತ್ತುತ್ತಾನೆ, ಪರದೆ ಕಪ್ಪು. ಸದ್ದೂ ಇಲ್ಲ. ಸುಮಾರು ಹತ್ತು ಸೆಕೆಂಡ್ ಹಾಗೇ. ಕೇಬಲ್ ಹೋಯ್ತು ಅಂತಲೇ ತುಂಬಾ ಜನ ಅಂದುಕೊಂಡರು. ಅವತ್ತು ಬೈದವರೆಷ್ಟೋ, ಇವತ್ತು ಅದನ್ನೇ ಟಿವಿಯ ಒಳ್ಳೆಯ ಕೊನೆಗಳಲ್ಲಿ ಒಂದು ಅನ್ನುವವರೂ ಅಷ್ಟೇ ಇದ್ದಾರೆ. ಉತ್ತರ ಕೊಡದ ಕೊನೆಗೆ ವಯಸ್ಸಾದಂತೆ ಮರ್ಯಾದೆ ಹೆಚ್ಚುತ್ತದೆ.

ಹೌ ಐ ಮೆಟ್ ಯುವರ್ ಮದರ್ ಬೇರೆ ಥರ. ಅದು ಕಾಮಿಡಿ, ಅಪ್ಪ ತಾನು ಅಮ್ಮನನ್ನು ಹೇಗೆ ಭೇಟಿಯಾದೆ ಅಂತ ಮಕ್ಕಳಿಗೆ ಹೇಳೋ ಕಥೆ, ಆದರೂ ನನಗೆ ಇದಕ್ಕಿಂತ ಒಳ್ಳೇ ಉದಾಹರಣೆ ಸಿಗಲ್ಲ. ಕಥೆ ಕೇಳೋ ಮಕ್ಕಳು ದೊಡ್ಡವರಾಗಿಬಿಡುತ್ತಾರೆ ಅಂತ ಅವರ ಕೊನೆಯ ದೃಶ್ಯವನ್ನು 2006ರ ಹೊತ್ತಿಗೇ ಶೂಟ್ ಮಾಡಿ ಬೀಗ ಹಾಕಿಟ್ಟಿದ್ದರು. ಸರಣಿ ಮುಗಿದದ್ದು 2014ರ ಮಾರ್ಚ್ 31ಕ್ಕೆ. ಅಷ್ಟರಲ್ಲಿ ಪಾತ್ರಗಳು ಎಲ್ಲಿಂದ ಎಲ್ಲಿಗೋ ಹೋಗಿದ್ದವು. ಒಂಬತ್ತನೇ ಸೀಸನ್ ಹೆಚ್ಚುಕಮ್ಮಿ ಪೂರ್ತಿ ಒಂದು ಮದುವೆಯ ಎರಡು ಮೂರು ದಿನದಲ್ಲೇ ನಡೆಯುತ್ತದೆ. ಕೊನೆಯ ಎಪಿಸೋಡಿನಲ್ಲಿ ಆ ಮದುವೆ ಮುರಿಯುತ್ತದೆ, ಮಕ್ಕಳ ತಾಯಿ ಸತ್ತಿದ್ದಾಳೆ ಅಂತ ತಿಳಿಯುತ್ತದೆ, ಅಪ್ಪ ಹಳೇ ಹುಡುಗಿಯ ಮನೆಗೆ ಹೊರಡುತ್ತಾನೆ. ಎಂಟು ವರ್ಷದ ಹಿಂದೆ ಅಳತೆ ತೆಗೆದು ಹೊಲಿದಿಟ್ಟ ಅಂಗಿ ಇದು, ಮಗು ಬೆಳೆದಿದೆ. ಆಮೇಲೆ ಡಿವಿಡಿಯಲ್ಲಿ ಬೇರೆ ಕೊನೆ ಕೊಟ್ಟರು, ಅದರಲ್ಲಿ ತಾಯಿ ಸಾಯುವ ಮಾತೇ ಇಲ್ಲ. ಅಲ್ಲಿಗೂ ಜಗಳ ನಿಲ್ಲಲಿಲ್ಲ ಅನ್ನೋದು ಬೇರೆ ಮಾತು.

ಗೇಮ್ ಆಫ್ ಥ್ರೋನ್ಸ್ ಬಗ್ಗೆ ಇಲ್ಲಿ ಸಾವಿರ ಸಲ ಆಗಿದೆ, ಚಿಕ್ಕದಾಗಿ ಹೇಳುತ್ತೇನೆ. ಮೊದಲ ಆರು ಸೀಸನ್‌ಗೆ ಹತ್ತತ್ತು ಎಪಿಸೋಡ್, ಏಳಕ್ಕೆ ಏಳು, ಎಂಟಕ್ಕೆ ಆರು. ರಾಣಿ ಡೇನೆರಿಸ್ ಕೊನೆಯಲ್ಲಿ ಊರು ಸುಡೋದು ತಪ್ಪು ಅಂತ ನನಗನ್ನಿಸಿಲ್ಲ, ಆದರೆ ಕಥೆ ಅವಳನ್ನು ಅಲ್ಲಿಗೆ ಅವಸರದಲ್ಲಿ ತಂದುಬಿಟ್ಟಿತು. ಕೊನೆಯ ಸೀಸನ್ ಮತ್ತೆ ಬರೆಸಿ ಅಂತ 10 ಲಕ್ಷಕ್ಕೂ ಹೆಚ್ಚು ಜನ ಸಹಿ ಹಾಕಿದರು. ಅದೇ 2019ರಲ್ಲಿ ಅತ್ಯುತ್ತಮ ಡ್ರಾಮಾ ಸರಣಿಯ ಎಮ್ಮಿ ಪ್ರಶಸ್ತಿಯೂ ಬಂತು. ಯಾರನ್ನು ನಂಬುತ್ತೀರಿ?

ಹಾಗಾಗಿ "ದರಿದ್ರ" ಅಂದವರನ್ನು ಒಂದೇ ಪ್ರಶ್ನೆ ಕೇಳಿ: ನಡೆದದ್ದು ಇಷ್ಟವಾಗಲಿಲ್ವಾ, ಅಥವಾ ನಡೆದ ರೀತಿನಾ? ಮೊದಲನೆಯದಾದರೆ ನಿಮಗೆ ಇಷ್ಟವಾಗಲೂಬಹುದು. ಎರಡನೆಯದಾದರೆ ಸ್ವಲ್ಪ ಹುಷಾರಾಗಿ ನಿರೀಕ್ಷೆ ಇಟ್ಟುಕೊಳ್ಳಿ.

ಈಗ ಕೆಲಸದ ಮಾತು. ಎರಡು ಮೂರು ವಾರ ಬೇರೆ ಏನಾದರೂ ನೋಡಿ. ಸ್ಪಾಯ್ಲರ್ ಮರೆಯಲ್ಲ, ಆದರೆ ಆ ಉರಿ ಇಳಿಯುತ್ತದೆ. ಪಾತ್ರದ ಹೆಸರು ಹಾಕಿ ಸರ್ಚ್ ಮಾಡಲೇಬೇಡಿ, ಪೂರ್ತಿ ಟೈಪ್ ಮಾಡುವ ಮೊದಲೇ ಕೆಳಗೆ ಅವನ ಸಾವು ಬಂದು ಕೂತಿರುತ್ತದೆ. ನಟನ ಹೆಸರು ಬೇಕಿದ್ದರೆ ಎಪಿಸೋಡ್ ಕೊನೆಯ ಪಟ್ಟಿಯಲ್ಲೇ ನೋಡಿಕೊಳ್ಳಿ. ಡ್ರಾಮಾದ ಹೆಸರನ್ನು ಮ್ಯೂಟ್ ಮಾಡಿ, ಮುಖ್ಯ ಪಾತ್ರಗಳ ಹೆಸರನ್ನೂ. ಹಳೇ ವಿಡಿಯೋಗಳ ಮೇಲಿನ ಚಿತ್ರ ಮಾತ್ರ ಮ್ಯೂಟ್‌ಗೆ ಬಗ್ಗಲ್ಲ, ಅಲ್ಲಿ ಹೋಗದೇ ಇರೋದೇ ಸರಿ. ಕೊನೆಯ ಎರಡು ಎಪಿಸೋಡುಗಳನ್ನು ನಿದ್ದೆ ಕಣ್ಣಿನಲ್ಲಿ ನೋಡಬೇಡಿ. ಮುಗಿದ ಮೇಲೆ ಒಂದು ದಿನ ಯಾರ ಅಭಿಪ್ರಾಯವನ್ನೂ ಓದಬೇಡಿ. ಆಗುವುದಾದರೆ ಮೊದಲ ಎಪಿಸೋಡನ್ನು ಮತ್ತೆ ಹಾಕಿ ನೋಡಿ. ಕೊನೆ ಹೊಂದುತ್ತದೋ ಇಲ್ಲವೋ ಅಲ್ಲೇ ಗೊತ್ತಾಗುತ್ತದೆ.

ಗುಂಪಿನವರಿಗೂ ಒಂದು ಮಾತು. ಬರೀ "ಸ್ಪಾಯ್ಲರ್ ಎಚ್ಚರಿಕೆ" ಅಂತ ಹಾಕಿದರೆ ಉಪಯೋಗವಿಲ್ಲ. ಯಾವ ಡ್ರಾಮಾ, ಎಲ್ಲಿವರೆಗಿನ ಕಥೆ, ಎರಡೂ ಮೊದಲ ಸಾಲಿನಲ್ಲಿ ಇರಲಿ. ಆಮೇಲೆ ನಾಲ್ಕೈದು ಖಾಲಿ ಸಾಲು ಬಿಡಿ, ಯಾಕೆಂದರೆ ನೋಟಿಫಿಕೇಶನ್‌ನಲ್ಲಿ ಮೊದಲ ಎರಡು ಸಾಲು ತಾನಾಗಿ ಕಾಣುತ್ತದೆ. ಬರೆದುಬಿಟ್ಟಾಗಿದ್ದರೆ ಅಳಿಸಿ, ಕ್ಷಮಿಸಿ ಅಂತ ಒಂದು ಮಾತು ಹೇಳಿ. "ಹಳೇ ಡ್ರಾಮಾ ತಾನೇ" ಅಂತ ವಾದಕ್ಕೆ ಇಳಿಯಬೇಡಿ, ನೋಡದವರಿಗೆ ಅದು ಹೊಸದೇ.

ಮೇಡಂ, ಮುಗಿಸಿದ ಮೇಲೆ ಇಲ್ಲೇ ಬಂದು ಬರೆಯಿರಿ. ಆ ಕೊನೆ ನನಗೆ ಹೇಗನ್ನಿಸಿತು ಅಂತ ನೀವು ಎರಡು ಸಲ ಕೇಳಿದ್ದೀರಿ. ಅಲ್ಲಿಯವರೆಗೆ ನಾನು ಹ್ಮ್ ಕೂಡ ಅನ್ನಲ್ಲ.