ಗಾಬ್ಲಿನ್‌ಗೂ ನಮಗೂ ಒಂದೇ ಯುದ್ಧನಿಯಮ ಇರಬೇಕೇ?

ಡೈಸ್ ಉರುಳಿಸುತ್ತಾ ಕಥೆ ಕಟ್ಟುವ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಆಟದಲ್ಲಿ, ಓಗರ್ ಎಂಬ ದೈತ್ಯನ ಕಣ್ಣಿಗೇ ಬಾಣ ಬಿಡುತ್ತೇನೆಂದು ನಿಮ್ಮ ತಂಡದ ಬಿಲ್ಲುಗಾರ್ತಿ ಕೇಳಿದಾಗ ಡಿಎಂ (ಆಟ ನಡೆಸುವವರು, ರಾಕ್ಷಸರ ಪರವಾಗಿ ಆಡುವವರು) ಒಪ್ಪಿದರು, ಡೈಸ್‌ನಲ್ಲಿ ಬಂದದ್ದರಿಂದ 5 ಕಳೆದ ಮೇಲೂ ತಗುಲಿದರೆ ಓಗರ್ ಕುರುಡಾಗುತ್ತದೆ ಎಂದರು. ಮುಂದಿನ ವಾರ ಗಾಬ್ಲಿನ್‌ಗಳು (ಕುಳ್ಳ ರಾಕ್ಷಸರು) ಅದೇ ಪಟ್ಟನ್ನು ನಿಮ್ಮ ಮೇಲೆ ಹಾಕಿದಾಗ ಜಗಳವಾಯಿತು, ಯಾರದು ಸರಿ ಎಂದು ಕೇಳಿದ್ದೀರಿ. ಜಯನಗರದ ನಮ್ಮ ಮನೆಯಲ್ಲಿ ಆರು ವರ್ಷಗಳಿಂದ ಭಾನುವಾರ ಸಂಜೆಗಳಲ್ಲಿ ಇದೇ ಆಟವನ್ನು ಆಡಿಸುತ್ತಿದ್ದೇನೆ. ನನ್ನ ಮಟ್ಟಿಗೆ ಗಾಬ್ಲಿನ್‌ಗಳದ್ದು ತಪ್ಪಲ್ಲ. ಗಲ್ಲಿ ಕ್ರಿಕೆಟ್‌ನಲ್ಲಿ ಚೆಂಡು ಪಕ್ಕದ ಮನೆಯ ಕಾಂಪೌಂಡಿಗೆ ಬಿದ್ದರೆ ಔಟ್ ಎಂದಾದ ಮೇಲೆ ಎರಡೂ ತಂಡಕ್ಕೆ ಅದು ಔಟೇ. ತಪ್ಪಿರುವುದು ಆ ನಿಯಮದಲ್ಲಿ, ಮತ್ತು ಅದನ್ನು ಒಪ್ಪುವ ಮೊದಲು ಯಾರೂ ಲೆಕ್ಕ ಹಾಕಿ ನೋಡದೇ ಇದ್ದುದರಲ್ಲಿ.

ಲೆಕ್ಕವನ್ನು ಈಗಲಾದರೂ ಹಾಕೋಣ. 2014ರ ಐದನೇ ಆವೃತ್ತಿಯ ಗಾಬ್ಲಿನ್ ಬಾಣ ಬಿಟ್ಟರೆ ಡೈಸ್‌ಗೆ 4 ಕೂಡುತ್ತದೆ. ಅದರಿಂದ 5 ಕಳೆದರೆ ಉಳಿಯುವುದು ಋಣ 1. ನಿಮ್ಮ ಆರ್ಮರ್ ಕ್ಲಾಸ್ (ಏಟು ತಗುಲಲು ಎದುರಾಳಿಯ ಒಟ್ಟು ಅಂಕಿ ಮುಟ್ಟಬೇಕಾದ ಮಟ್ಟ) 16 ಎಂದಿಟ್ಟುಕೊಳ್ಳಿ. ಇಪ್ಪತ್ತು ಮುಖದ ಡೈಸ್‌ನಲ್ಲಿ 17 ಅಥವಾ ಅದಕ್ಕಿಂತ ಹೆಚ್ಚು ಬೀಳಬೇಕು, ಅಂದರೆ ಐದರಲ್ಲಿ ಒಂದು ಸಲ. ಒಂದು ಗಾಬ್ಲಿನ್‌ಗೆ ಇದು ಕಷ್ಟವೇ. ಆದರೆ ಆರು ಗಾಬ್ಲಿನ್‌ಗಳು ಒಬ್ಬನಿಗೇ ಗುರಿಯಿಟ್ಟರೆ, ಒಂದೇ ಸುತ್ತಿನಲ್ಲಿ ಅವನ ಕಣ್ಣು ಹೋಗುವ ಸಾಧ್ಯತೆ ನೂರಕ್ಕೆ ಸುಮಾರು 74. ಇದಕ್ಕಿಂತ ಮುಖ್ಯವಾದದ್ದು ಇನ್ನೊಂದಿದೆ: ಓಗರ್ ಬದುಕಿರುವುದೇ ಮೂರು ನಾಲ್ಕು ಸುತ್ತು, ಕುರುಡಾದರೂ ಅದಕ್ಕೆ ನಾಳೆಯೆಂಬುದಿಲ್ಲ, ನಿಮ್ಮ ಪಾತ್ರವಾದರೋ ತಿಂಗಳುಗಟ್ಟಲೆ, ನೂರಾರು ಸುತ್ತುಗಳಲ್ಲಿ ಏಟು ತಿನ್ನುತ್ತದೆ. ಹಾಗಾಗಿ ಅಂಗ ಊನಮಾಡುವ, ಆಯುಧ ಕಳಚಿ ಬೀಳಿಸುವ ಯಾವ ಹೌಸ್ ರೂಲ್ (ತಂಡ ತಾನೇ ಮಾಡಿಕೊಂಡ ನಿಯಮ) ತಂದರೂ, ಅದು ಎರಡೂ ಕಡೆಗೆ ಅನ್ವಯಿಸಿದ ದಿನ, ಕೊನೆಗೆ ಬೆಲೆ ತೆರುವವರು ಆಟಗಾರರೇ. 1 ಬಿದ್ದರೆ ಕತ್ತಿ ಕೈಜಾರುತ್ತದೆ ಎಂಬ ಜನಪ್ರಿಯ ನಿಯಮವನ್ನೇ ನೋಡಿ. ಒಂದು ಸರದಿಯಲ್ಲಿ ನಾಲ್ಕು ಸಲ ಹೊಡೆಯುವ 20ನೇ, ಅಂದರೆ ಕೊನೆಯ ಹಂತಕ್ಕೇರಿದ ಫೈಟರ್‌ನ (ಯೋಧನ) ಕತ್ತಿ ಹೆಚ್ಚುಕಡಿಮೆ ಐದಾರು ಸರದಿಗೊಮ್ಮೆ ನೆಲಕ್ಕೆ ಬೀಳುತ್ತದೆ. ನಿನ್ನೆ ಕತ್ತಿ ಹಿಡಿದ ಹುಡುಗನದ್ದು ಇಪ್ಪತ್ತು ಸರದಿಗೊಮ್ಮೆ. ಪಳಗಿದಷ್ಟೂ ಕೈ ನಡುಗುವ ವೀರನನ್ನು ನಾನಂತೂ ಒಪ್ಪಲಾರೆ.

ಹಾಗೆಂದು ಎಲ್ಲವೂ ಒಂದೇ ಆಗಿರಬೇಕಿಲ್ಲ. ಕಾಳಗದಲ್ಲಿ ಏನು ಮಾಡಬಹುದು ಎಂಬುದು ಬೇರೆ, ಒಂದು ಜೀವಿಯ ಅಂಕಿಗಳನ್ನು ಹೇಗೆ ಕಟ್ಟುತ್ತೇವೆ ಎಂಬುದು ಬೇರೆ. ಮೊದಲನೆಯದು ಇಬ್ಬರಿಗೂ ಸಮನಾಗಿರಬೇಕು: ನೆಲಕ್ಕೆ ಬಿದ್ದವರು ಏಳಲು ತಮ್ಮ ನಡಿಗೆಯ ಅರ್ಧವನ್ನು ತೆರಬೇಕು, ಶತ್ರುವಿನ ಕೈಯಳತೆಯಿಂದ ಸುಮ್ಮನೆ ಹೊರಟವರು ಆಪರ್ಚುನಿಟಿ ಅಟ್ಯಾಕ್‌ಗೆ (ಹೊರಡುವಾಗ ಶತ್ರು ಕೊಡುವ ಏಟಿಗೆ) ಬೆನ್ನೊಡ್ಡಬೇಕು, ಅದು ಓಗರ್ ಆಗಲಿ, ಪುರೋಹಿತನಾಗಲಿ. ಎರಡನೆಯದರಲ್ಲಿ ಆಟವೇ ದಾರಿ ಬದಲಿಸಿದೆ. 2000ದ ಮೂರನೇ ಆವೃತ್ತಿಯಲ್ಲಿ ರಾಕ್ಷಸನಿಗೂ ಫೀಟ್‌ಗಳು (ವಿಶೇಷ ಸಾಮರ್ಥ್ಯಗಳು), ಸ್ಕಿಲ್ ಪಾಯಿಂಟ್‌ಗಳು (ಕೌಶಲದ ಅಂಕಗಳು), ಪಾತ್ರಗಳಂತೆಯೇ ಹಂತ ಹಂತದ ಲೆಕ್ಕ. ಒಂದು ದೊಡ್ಡ ಪ್ರಾಣಿಯನ್ನು ಸಿದ್ಧಪಡಿಸಲು ಡಿಎಂಗೆ ಒಂದು ಸಂಜೆಯೇ ಬೇಕಾಗುತ್ತಿತ್ತು. 2008ರ ನಾಲ್ಕನೇ ಆವೃತ್ತಿ ಆ ನಂಟನ್ನು ಕಡಿದು, ಒಂದೇ ಹಿಟ್ ಪಾಯಿಂಟ್‌ನ (ಪ್ರಾಣದ ಅಂಕ, ಏಟು ಬಿದ್ದಂತೆ ಇಳಿಯುವುದು) ಮಿನಿಯನ್‌ಗಳನ್ನೂ, ಅಂದರೆ ಒಂದೇ ಏಟಿಗೆ ಸಾಯುವ ಪುಡಿ ರಾಕ್ಷಸರನ್ನೂ ತಂದಿತು. ಇದರಿಂದ ನ್ಯಾಯ ಕೆಟ್ಟಿತೆಂದು ನನಗನಿಸಿಲ್ಲ. ನಾಲ್ವರು ವೀರರ ನಾಲ್ಕು ಸರದಿಯ ಎದುರು ಒಂದೇ ಸರದಿ ಇರುವ ಡ್ರ್ಯಾಗನ್‌ಗೆ ಲೆಜೆಂಡರಿ ಆಕ್ಷನ್ (ಬೇರೆಯವರ ಸರದಿ ಮುಗಿದಾಗ ಮಾಡಬಹುದಾದ ಹೆಚ್ಚುವರಿ ಕ್ರಿಯೆ) ಇರಲೇಬೇಕು, ಇಲ್ಲದಿದ್ದರೆ ಅದು ಹೆದರಿಸುವ ಮೊದಲೇ ಸತ್ತಿರುತ್ತದೆ. ಹಿಟ್ ಪಾಯಿಂಟ್ ಸೊನ್ನೆಗಿಳಿದ ಪಾತ್ರ ಡೆತ್ ಸೇವ್ (ಸಾವೋ ಬದುಕೋ ಎಂದು ತೀರ್ಮಾನಿಸುವ ಡೈಸ್) ಉರುಳಿಸುತ್ತಾ ಪ್ರಾಣ ಹಿಡಿದಿರುವುದು, ಗಾಬ್ಲಿನ್ ಬಿದ್ದೊಡನೆ ಸಾಯುವುದು ಕೂಡ ಇಂಥದ್ದೇ ವಿನಾಯಿತಿ. ಇವೆಲ್ಲ ಆಟಕ್ಕೆ ಮೊದಲೇ ಬರೆದಿಟ್ಟವು, ಕಾಳಗದ ನಡುವೆ ಹುಟ್ಟಿದವಲ್ಲ.

ನಡುವೆ ಹುಟ್ಟಿಸಿದರೆ ಏನಾಗುತ್ತದೆ ಎಂಬುದನ್ನು ನಾನು ನನ್ನ ಮೇಜಿನಲ್ಲೇ ಕಂಡೆ. ಮೊದಲ ಹಂತದ ಮಾಂತ್ರಿಕನೊಬ್ಬನಿಗೆ ಒಟ್ಟು 8 ಹಿಟ್ ಪಾಯಿಂಟ್, ಉಳಿದದ್ದು 3. ಪರದೆಯ ಹಿಂದೆ ಗಾಬ್ಲಿನ್‌ಗಾಗಿ ಡೈಸ್ ಉರುಳಿಸಿದೆ, 20 ಬಿತ್ತು. ಕ್ರಿಟಿಕಲ್ (20 ಬಿದ್ದಾಗಿನ ಭಾರಿ ಏಟು) ಆದ್ದರಿಂದ ಏಟಿನ ಲೆಕ್ಕಕ್ಕೆ ಎರಡು ಡೈಸ್: 5 ಮತ್ತು 4, ಮೇಲೆ 2, ಒಟ್ಟು 11. ಸೊನ್ನೆಯ ಕೆಳಗೆ ಉಳಿದ 8, ಅವನ ಪೂರ್ಣ ಹಿಟ್ ಪಾಯಿಂಟ್‌ಗೆ ಸರಿಸಮ. ಅಷ್ಟಾದರೆ ಡೆತ್ ಸೇವ್ ಕೂಡ ಇಲ್ಲ, ನಿಯಮದ ಪ್ರಕಾರ ಅವನು ಅಲ್ಲೇ ಸತ್ತ. ಆ ಪಾತ್ರ ಆಡುತ್ತಿದ್ದ ಹುಡುಗ ಅಂದು ಮೊದಲ ಸಲ ಆಡಲು ಕುಳಿತಿದ್ದ. ನನಗೆ ಮನಸ್ಸಾಗದೆ 'ಆರು' ಎಂದೆ. ಅವನು ಮೂರ್ಛೆ ಹೋದ, ಬದುಕಿಕೊಂಡ. ಪಕ್ಕದಲ್ಲಿ ಕುಳಿತಿದ್ದ ಗೆಳೆಯನಿಗೆ ಆ 20 ಕಂಡಿತ್ತೆಂದು ನನಗೆ ಗೊತ್ತಿರಲಿಲ್ಲ. ಮುಂದಿನ ವಾರ ಆ ಗೆಳೆಯನೇ 20 ಉರುಳಿಸಿ ಗಾಬ್ಲಿನ್‌ಗಳ ನಾಯಕನನ್ನು ಕೆಡವಿದಾಗ ಎಲ್ಲರೂ ಕೂಗಿದರು, ಅವನು ಮಾತ್ರ ಮೆಲ್ಲಗೆ ಕೇಳಿದ: 'ಇದು ನಿಜವಾಗಿ ಸತ್ತಿತಾ, ಇಲ್ಲಾ ನೀವು ಸಾಯಿಸಿದ್ರಾ?' ನನಗೆ ಉತ್ತರ ಹೊಳೆಯಲಿಲ್ಲ. ಅಂದಿನಿಂದ ಪರದೆ ತೆಗೆದಿಟ್ಟಿದ್ದೇನೆ. ರಾಕ್ಷಸರ ಡೈಸ್ ಮೇಜಿನ ನಡುವೆ, ಬಟ್ಟೆ ಹಾಸಿದ ಸ್ಟೀಲ್ ತಟ್ಟೆಯಲ್ಲಿ ಎಲ್ಲರೆದುರು ಉರುಳುತ್ತದೆ. ಹೊಸಬರಿಗೆ ರಿಯಾಯಿತಿ ಬೇಕೆನಿಸಿದರೆ, ಮೊದಲ ಹಂತದಲ್ಲಿ ಯಾರೂ ಒಂದೇ ಏಟಿಗೆ ಸಾಯುವುದಿಲ್ಲ ಎಂದು ಆಟ ಶುರುವಾಗುವ ಮೊದಲೇ ಹೇಳಿಬಿಡುತ್ತೇನೆ.

ಹಾಗಾಗಿ ಈ ವಾರ ಕೂತಾಗ ಡಿಎಂ ಮೇಲೆ ತಪ್ಪು ಹೊರಿಸಬೇಡಿ. ಗಾಬ್ಲಿನ್‌ಗಳ ಆ 74ರ ಲೆಕ್ಕವನ್ನು ಮೇಜಿನ ಮೇಲಿಡಿ, ಕಣ್ಣಿಗೆ ಗುರಿಯಿಡುವ ನಿಯಮವನ್ನು ಇಬ್ಬರಿಗೂ ಕೈಬಿಡೋಣವೇ ಎಂದು ಎಲ್ಲರನ್ನೂ ಕೇಳಿ. ಬಿಲ್ಲುಗಾರ್ತಿಗೆ ಬೇಸರವಾದೀತು. ಅವಳ ಆಸೆ ನ್ಯಾಯವಾದದ್ದೇ. ಕುರುಡಾಗುವುದರ ಬದಲು ಓಗರ್‌ನ ಮುಂದಿನ ಒಂದು ದಾಳಿಗೆ ಮಾತ್ರ ಡಿಸ್‌ಅಡ್ವಾಂಟೇಜ್ (ಎರಡು ಸಲ ಉರುಳಿಸಿ ಕಡಿಮೆ ಬಂದದ್ದನ್ನೇ ಎಣಿಸುವುದು) ಇರಲಿ ಎಂದು ಅವಳೇ ಸೂಚಿಸಲಿ. ಅಷ್ಟಾದರೆ, ಗಾಬ್ಲಿನ್ ಅದನ್ನು ನಿಮ್ಮ ಮೇಲೆ ಪ್ರಯೋಗಿಸಿದಾಗಲೂ ನೀವು ತಾಳಿಕೊಳ್ಳಬಲ್ಲಿರಿ.