ಬಂಗಾರದ ಹಬ್ಬಕ್ಕೆ ಸಾಹೇಬರ ಟೋಪಿ ಯಾಕೆ?

ಮುಂಡರಗಿಯ ಓದುಗರಿಗೆ ನಮಸ್ಕಾರ.

ಮಗನ ಮನೆಗೆಂದು ಆಸ್ಟ್ರೇಲಿಯಾಕ್ಕೆ ಹೋದವರು ಬಲ್ಲಾರಟ್‌ನ ಸಾವರಿನ್ ಹಿಲ್ ನೋಡಿಬಂದಿದ್ದೀರಿ. 1850ರ ದಶಕದ ಗಣಿ ಊರನ್ನು ಮತ್ತೆ ಕಟ್ಟಿ, ಅಂದಿನ ವೇಷದಲ್ಲಿ ಜನ ಓಡಾಡುವುದು, ಬಂದವರೂ ಮರಳು ತೊಳೆದು ಬಂಗಾರದ ಕಣ ಹುಡುಕುವುದು ನಿಮಗೆ ಹಿಡಿಸಿದೆ. ‘ಕಪ್ಪತ್ತಗುಡ್ಡದಾಗೂ ಬಂಗಾರದ ಗಣಿ ಇದ್ದುವಲ್ಲ, ನಾವ್ಯಾಕ ಇಂಥಾ ಉತ್ಸವ ಮಾಡಬಾರದು?’ ಎಂದು ಕೇಳಿದ್ದೀರಿ.

ಧಾರಾಳವಾಗಿ ಮಾಡಬಹುದು. ಆದರೆ ನೀವು ಕಳಿಸಿದ ಯೋಜನೆಯಲ್ಲಿ ಬ್ರಿಟಿಷ್ ಸಾಹೇಬರ ಟೋಪಿ, ಕುದುರೆ, ಬಂಗಲೆ ಎಲ್ಲ ಇವೆ, ಹಳ್ಳದ ಮರಳು ತೊಳೆದು ಬಂಗಾರ ತೆಗೆಯುತ್ತಿದ್ದ ಜಾಲಗಾರರೇ ಇಲ್ಲ!

ಇಲ್ಲಿ ಸಾಹೇಬರದು ಸಣ್ಣ ಕಥೆ. ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫೂಟ್ ಡಂಬಳ ಗುಡ್ಡಗಳ, ಅಂದರೆ ಇದೇ ಕಪ್ಪತ್ತಗುಡ್ಡದ ಸಾಲಿನ, ಬಂಗಾರದ ಬಗ್ಗೆ ಬರೆದದ್ದು 1874ರಲ್ಲಿ. 20ನೇ ಶತಮಾನದ ಆರಂಭದಲ್ಲಿ ಕಂಪನಿಗಳು ಕಬಲಾಯತಕಟ್ಟಿ, ಹೊಸೂರು ಕಡೆ ಗಣಿ ತೋಡಿದವು. ಹಾಕಿದ ದುಡ್ಡು ಹುಟ್ಟಲಿಲ್ಲ, ಕೆಲವೇ ವರ್ಷಗಳಲ್ಲಿ ಗಂಟುಮೂಟೆ ಕಟ್ಟಿದವು. ಮೂರು ಕಿಲೋಮೀಟರಿಗೂ ಆಳಕ್ಕಿಳಿದು 2001ರವರೆಗೆ ನಡೆದ ಕೋಲಾರದ ಗಣಿಯ ವೈಭವ ನಮ್ಮದಲ್ಲ. ಸಿನಿಮಾ ನೋಡಿ ಸೆಟ್ ಹಾಕಿದರೆ ಅದು ಕೋಲಾರದ ಹಬ್ಬವಾದೀತು.

ನಮ್ಮ ಕಥೆ ಇರುವುದು ಹಳ್ಳದಲ್ಲಿ. ಫೂಟ್ ಬರುವ ಮೊದಲೇ ಜಾಲಗಾರರು ಸೊರಟೂರು, ಡೋಣಿ ಕಡೆಯ ಹಳ್ಳಗಳಲ್ಲಿ ಮರಳು ತೊಳೆಯುತ್ತಿದ್ದರು. ಮಳೆ ಬಂತೆಂದರೆ ಗುಡ್ಡದ ಬೆಣಚುಕಲ್ಲಿನೊಳಗಿನ ಬಂಗಾರ ಸವೆದು ಕೆಳಗಿಳಿಯುತ್ತದೆ. ಬೆಣಚುಕಲ್ಲು ನೀರಿಗಿಂತ ಎರಡೂವರೆ ಪಟ್ಟು ಭಾರ, ಬಂಗಾರ 19 ಪಟ್ಟು. ಮರದ ತಟ್ಟೆಯಲ್ಲಿ ನೀರು ಹಾಕಿ ಅಲುಗಿಸುತ್ತ ಹೋದರೆ ಹಗುರ ಮರಳು ಅಂಚು ದಾಟುತ್ತದೆ, ಕಬ್ಬಿಣದ ಕರಿ ಮರಳು ತಳ ಹಿಡಿಯುತ್ತದೆ, ಅದರ ನಡುವೆ ಕಣ ಹೊಳೆಯಬೇಕು. ದಿನವೆಲ್ಲ ಬಗ್ಗಿ ಕೂತರೂ ಹೊಳೆಯದ ದಿನಗಳೇ ಹೆಚ್ಚು. ಪತ್ತಾರರ (ಅಕ್ಕಸಾಲಿಗರ) ಅಂಗಡಿಯ ಕಸ ತೊಳೆದು ಬಂಗಾರ ತೆಗೆಯುವುದೂ ಇವರದೇ ಕಸುಬಾಗಿತ್ತು. ಇದನ್ನು ವೇಷ ಹಾಕಿದ ಕಾಲೇಜು ಹುಡುಗರು ತೋರಿಸುವುದಲ್ಲ, ಆ ಕೈಚಳಕ ಬಲ್ಲವರನ್ನೇ ಹುಡುಕಿ, ತಕ್ಕ ಸಂಭಾವನೆ ಕೊಟ್ಟು ಕರೆಯಿಸಿ.

ಜಾಗದ ಮಾತು. ಕಪ್ಪತ್ತಗುಡ್ಡ 2019ರಿಂದ ವನ್ಯಜೀವಿ ಧಾಮ. ಅಲ್ಲಿ ಪೆಂಡಾಲು, ಮೈಕು ಬೇಡವೇ ಬೇಡ. ಡಂಬಳದಲ್ಲಿ ಮಾಡಿ, ದೊಡ್ಡಬಸಪ್ಪನ ಗುಡಿಯನ್ನೂ ಜನ ನೋಡಿಯಾರು. ಹಳ್ಳ ಕೆದರದೆ ತೊಟ್ಟಿಯಲ್ಲೇ ಮರಳು ತುಂಬಿ, ಬಂಗಾರದ ಕಣ ಹಿಡಿಯಲು ಬಳಸುವ ವಿಷಕಾರಿ ಪಾದರಸವನ್ನಂತೂ ಹತ್ತಿರಕ್ಕೂ ತರಬೇಡಿ.

ಇನ್ನೊಂದು: ಪ್ರಾಯೋಜಕರ ಪಟ್ಟಿಯಲ್ಲಿ ‘ಗಣಿ ಉದ್ಯಮಿಗಳು’ ಎಂದು ಬರೆದಿದ್ದೀರಿ. ಈ ಗುಡ್ಡವನ್ನು ಗಣಿಗಾರಿಕೆಯಿಂದ ಉಳಿಸಲು 2017ರಲ್ಲಿ ತೋಂಟದ ಸಿದ್ಧಲಿಂಗ ಸ್ವಾಮೀಜಿಯವರೊಂದಿಗೆ ಗದಗಿನಲ್ಲಿ ಧರಣಿ ಕೂತವರು ಇನ್ನೂ ನಮ್ಮ ನಡುವೆಯೇ ಇದ್ದಾರೆ. ಆ ಸಾಲನ್ನು ಹೊಡೆದುಹಾಕಿ ಯೋಜನೆ ಕಳಿಸಿ, ಮುಂದಿನ ಸಂಚಿಕೆಯಲ್ಲಿ ಅಚ್ಚು ಹಾಕುತ್ತೇವೆ.

– ಸಂಪಾದಕ