ಓದುಗರ ಪ್ರಶ್ನೆ, ನಮ್ಮ ಉತ್ತರ: ಡ್ರಮ್ ಕೋರ್ ನೋಡೋಕೆ ಬಂದೋರು ಸುಮ್ನೆ ಕೂತಿರ್ತಾರಲ್ಲ, ಯಾಕೆ?

ಪ್ರಶ್ನೆ: ನಾನು ದಾವಣಗೆರೆಯವಳು, ರಿಟೈರ್ಡ್ ಟೀಚರ್. ಕಳೆದ ಆಗಸ್ಟ್‌ನಲ್ಲಿ ಮಗಳ ಮನೆಗೆ ಅಂತ ಅಮೆರಿಕಾದ ಇಂಡಿಯಾನಾಗೆ ಹೋಗಿದ್ದೆ. ಮೊಮ್ಮಗ ಸ್ಕೂಲ್ ಬ್ಯಾಂಡಲ್ಲಿ ಟ್ರಂಪೆಟ್ ಊದ್ತಾನೆ, ಅವನೇ ಹಠ ಹಿಡಿದು ಇಂಡಿಯಾನಾಪೊಲಿಸ್‌ನ ಲ್ಯೂಕಸ್ ಆಯಿಲ್ ಸ್ಟೇಡಿಯಂಗೆ ಡ್ರಮ್ ಕೋರ್ ಫೈನಲ್ಸ್ ನೋಡೋಕೆ ಕರ್ಕೊಂಡು ಹೋದ. ಶೋ ಏನೋ ಚೆನ್ನಾಗಿತ್ತು, ಆದ್ರೆ ಹಿಂದಿನ ದಿನ ಅವನು 1980ರ ದಶಕದ ಹಳೇ ವಿಡಿಯೋ ತೋರಿಸಿದ್ದ, ಅದ್ರಲ್ಲಿ ಜನ ಹಾಡಿನ ಮಧ್ಯದಲ್ಲೇ ಎದ್ದು ಕೂಗಾಡ್ತಿದ್ರು. ಇಲ್ಲಿ ನೋಡಿದ್ರೆ ಎಲ್ರೂ ಗಂಭೀರವಾಗಿ ಕೂತು ನೋಡ್ತಾರೆ, ಕೊನೇಲಿ ಮಾತ್ರ ಪ್ರತಿ ತಂಡಕ್ಕೂ ಎದ್ದು ನಿಂತು ಚಪ್ಪಾಳೆ. ನಮ್ಮೂರ ದುಗ್ಗಮ್ಮನ ಜಾತ್ರೇಲಿ ಡೊಳ್ಳು ಬಂದ್ರೆ ಸುಮ್ನೆ ಕೂರೋರೇ ಇಲ್ಲ. ಜನರ ಹುರುಪು ಕಮ್ಮಿ ಆಗಿದ್ಯಾ, ಇಲ್ಲಾ ನಂಗೇ ಅರ್ಥ ಆಗ್ಲಿಲ್ವಾ?

ಉತ್ತರ: ಅಮ್ಮ, ನಿಮಗೆ ಚೆನ್ನಾಗೇ ಅರ್ಥ ಆಗಿದೆ. ಹುರುಪು ಎಲ್ಲೂ ಹೋಗಿಲ್ಲ, ಅದು ಹೊರಗೆ ಬರೋಕೆ ಅಂತ ಶೋ ಒಳಗೆ ಮೊದಲು ಕಿಟಕಿ ಇರ್ತಿದ್ವು, ಈಗ ಒಂದೊಂದಾಗಿ ಮುಚ್ಚಿದ್ದಾರೆ ಅನ್ನೋದು ನನ್ನ ಲೆಕ್ಕ.

ಇದನ್ನ ನೋಡದೇ ಇರೋ ಓದುಗರಿಗೆ ಎರಡು ಮಾತು. ಡ್ರಮ್ ಕೋರ್‌ನಲ್ಲಿ ಹಿತ್ತಾಳೆ ವಾದ್ಯ, ಡ್ರಮ್ಮು ಮತ್ತೆ ತಾಳವಾದ್ಯಗಳು, ಬಾವುಟ ತಿರುಗಿಸೋ ಕಲರ್ ಗಾರ್ಡ್, ಇಷ್ಟು ಇರತ್ತೆ, ಕೊಳಲು ಕ್ಲಾರಿನೆಟ್ ಇಲ್ಲ. 22 ತುಂಬೋದ್ರೊಳಗಿನ ಹುಡುಗ ಹುಡುಗೀರು ಫುಟ್ಬಾಲ್ ಮೈದಾನದಲ್ಲಿ ಓಡಾಡ್ತಾ 11-12 ನಿಮಿಷ ನುಡಿಸ್ತಾರೆ. ಮೊದಲ ಮಹಾಯುದ್ಧ ಮುಗಿಸಿ ಬಂದ ಸೈನಿಕರ ಸಂಘಗಳು, ಅಮೆರಿಕನ್ ಲೀಜನ್ ಥರದವು, ಇದನ್ನ ಬೆಳೆಸಿದ್ದು. ಈಗ ನಡೆಸೋ ಡಿಸಿಐ (ಡ್ರಮ್ ಕೋರ್ ಇಂಟರ್‌ನ್ಯಾಷನಲ್) ಸಂಸ್ಥೆಯ ಮೊದಲ ಚಾಂಪಿಯನ್‌ಷಿಪ್ ಆಗಿದ್ದು 1972ರಲ್ಲಿ, ವಿಸ್ಕಾನ್ಸಿನ್‌ನ ವೈಟ್‌ವಾಟರ್ ಅನ್ನೋ ಸಣ್ಣ ಊರಲ್ಲಿ.

ಆಗಿನ ಶೋ ಅಂದ್ರೆ ನಾಲ್ಕೈದು ಬಿಡಿ ಹಾಡು, ಪ್ರತಿ ಹಾಡಿಗೂ ಒಂದು ಖಡಕ್ ಮುಕ್ತಾಯ. ನಮ್ಮ ಕಛೇರೀಲಿ ತನಿ ಮುಗಿದ ಕೂಡ್ಲೇ ಚಪ್ಪಾಳೆ ಬೀಳತ್ತಲ್ಲ, ಯಾರೂ ಹೇಳಿಕೊಡಬೇಕಾಗಿಲ್ಲ, ಹಂಗೆ. ಅದಕ್ಕಿಂತ ಜೋರಾಗಿದ್ದು ಕಂಪನಿ ಫ್ರಂಟ್. ಮೈದಾನದ ಈ ತುದಿಯಿಂದ ಆ ತುದಿವರೆಗೆ ಇಡೀ ತಂಡ ಒಂದೇ ಗೆರೇಲಿ ನಿಂತು, ವಾದ್ಯದ ಬಾಯಿ ಎಲ್ಲಾ ಮೇಲೆತ್ತಿ, ಊದ್ತಾ ನಿಮ್ಮ ಕಡೆಗೇ ಸೀದಾ ನಡೆದು ಬರೋದು. ಮೊದಲನೇ ಸಲ ನೋಡಿದಾಗ ನಂಗೆ ಸದ್ದು ಕಿವಿಗೆ ಕೇಳಿಸ್ತು ಅನ್ನೋದಕ್ಕಿಂತ ಎದೆಗೆ ಗುದ್ದಿದ ಹಂಗಾಯ್ತು, ಪಕ್ಕದಲ್ಲಿದ್ದ ಅಜ್ಜ ಕೈಲಿದ್ದ ಪಾಪ್‌ಕಾರ್ನ್ ಮರೆತು ಎದ್ದು ನಿಂತಿದ್ರು, ಅರ್ಧ ಪ್ಯಾಕೆಟ್ ನನ್ನ ಮಡಿಲಲ್ಲಿ. ಅಲ್ಲಿ ಕೂಗಬೇಕಾ ಬೇಡ್ವಾ ಅಂತ ಯೋಚಿಸೋಕೆ ಟೈಮೇ ಇರಲ್ಲ.

ಆಮೇಲೆ ಏನಾಯ್ತು ಅಂದ್ರೆ ಮಾರ್ಕ್ಸ್ ಕೊಡೋ ಪದ್ಧತಿ ಬದಲಾಯ್ತು. ಮೊದಲು ಜಡ್ಜ್‌ಗಳು ಮೈದಾನದಲ್ಲೇ ಓಡಾಡ್ತಾ ಪ್ರತಿ ತಪ್ಪಿಗೂ ದಶಾಂಶ ಒಂದು ಕಳೀತಿದ್ರು, ಅದಕ್ಕೆ ಟಿಕ್ ಅಂತಿದ್ರು. 1984ರಿಂದ ಅದನ್ನ ತೆಗೆದು, ಸಾಧಿಸಿದ್ದಕ್ಕೆ ಮಾರ್ಕ್ಸ್ ಕೂಡಿಸ್ತಾ ಹೋಗೋದು ಬಂತು. ತಪ್ಪಿನ ಭಯ ಹೋದ್ಮೇಲೆ ಶೋ ಕಟ್ಟೋರಿಗೆ ಧೈರ್ಯ ಬಂತು. ಅದೇ ಹೊತ್ತಿಗೆ ಜಾರ್ಜ್ ಜಿಂಗಾಲಿ ಅನ್ನೋರು ಗಾರ್ಫೀಲ್ಡ್ ಕೆಡೆಟ್ಸ್ ತಂಡಕ್ಕೆ ಎಡ-ಬಲ ಸಮ ಇಲ್ಲದ, ಕ್ಷಣಕ್ಷಣಕ್ಕೂ ಆಕಾರ ಬದಲಾಗೋ ನಡಿಗೆ ಬರೆದ್ರು, 1983, 84, 85 ಮೂರೂ ವರ್ಷ ಅವ್ರದ್ದೇ ಗೆಲುವು. ಅಲ್ಲಿಂದ ಬಿಡಿ ಹಾಡು ಹೋಗಿ ಒಂದೇ ಕಥೆ, ಒಂದೇ ಥೀಮು, ಆರಂಭದಿಂದ ಅಂತ್ಯದವರೆಗೆ ಉಸಿರು ಬಿಡದ ಹಂಗೆ ಕಟ್ಟೋದು ನಿಧಾನಕ್ಕೆ ರೂಢಿ ಆಯ್ತು.

1993 ನೋಡಿ. ಸ್ಟಾರ್ ಆಫ್ ಇಂಡಿಯಾನಾ ಅನ್ನೋ ತಂಡ ಬಾರ್ಟೋಕ್, ಬಾರ್ಬರ್ ಅನ್ನೋ ಪಾಶ್ಚಾತ್ಯ ಶಾಸ್ತ್ರೀಯ ಸಂಗೀತಗಾರರು ಬರೆದ ಸಂಗೀತ ತಗೊಂಡು ಒಣ, ಚೂಪಾದ, ಹಾಡ್ಕೋಳೋಕೇ ಆಗದಂಥ ಶೋ ಮಾಡ್ತು. ಎಷ್ಟೋ ಕಡೆ ಜನಕ್ಕೆ ಇಷ್ಟ ಆಗ್ಲಿಲ್ಲ, ಇದೇನು ಡ್ರಮ್ ಕೋರಾ ಅಂತ ಬೈದೋರೂ ಇದ್ರು. ಫೈನಲ್ಸ್‌ನಲ್ಲಿ 97.3 ತಗೊಂಡು 0.1ರಲ್ಲಿ ಕೆಡೆಟ್ಸ್‌ಗೆ ಸೋತ್ರು, ಸ್ಪರ್ಧೆನೇ ಬಿಟ್ರು, ವೇದಿಕೆಗೆ ಹೋದ್ರು. ಅಲ್ಲಿಂದ ಬಂದಿದ್ದೇ ‘ಬ್ಲಾಸ್ಟ್’ ಅನ್ನೋ ರಂಗಪ್ರದರ್ಶನ, 2001ರಲ್ಲಿ ನ್ಯೂಯಾರ್ಕಿನ ನಾಟಕರಂಗ ಬ್ರಾಡ್‌ವೇನಲ್ಲಿ ಟೋನಿ ಅನ್ನೋ ರಂಗಭೂಮಿ ಪ್ರಶಸ್ತಿ ತಗೊಳ್ತು. ಈಗ ಅದೇ 1993ರ ಶೋ ಬಗ್ಗೆ ಹುಡುಗ್ರು ಭಕ್ತಿಯಿಂದ ಮಾತಾಡ್ತಾರೆ! ಹೊಸಾ ತಂಡಗಳಲ್ಲಿ ಅರ್ಧಕ್ಕರ್ಧ ಅದರದ್ದೇ ಮಕ್ಕಳು ಮೊಮ್ಮಕ್ಕಳು ಅನ್ನಬಹುದು.

ಇದರ ಮೇಲೆ ಕರೆಂಟು. 2004ರಲ್ಲಿ ಮೈಕು ಬಂತು, 2009ರಲ್ಲಿ ಸಿಂಥಸೈಜರ್. ನಂಗೆ ಇದರ ಬಗ್ಗೆ ಸ್ವಲ್ಪ ಕೋಪಾನೇ ಇದೆ, ಕ್ಷಮಿಸಿ. ಹಿತ್ತಾಳೆ ಊದೋ ಎಪ್ಪತ್ತು ಎಂಬತ್ತು ಮಕ್ಕಳು ಶ್ವಾಸಕೋಶ ಕಿತ್ಕೊಂಡು ಸದ್ದು ಏರಿಸ್ತಿರುವಾಗ ಕೆಳಗಿಂದ ಸ್ಪೀಕರ್ ಗುಂಯ್ ಅಂದುಬಿಟ್ರೆ ಮೈ ಜುಮ್ ಅನ್ನೋ ಕೆಲಸಾನ ಮಷೀನೇ ಮುಗಿಸಿರತ್ತೆ, ಜನ ಏನ್ ಮಾಡಬೇಕು. 2009ರಿಂದಾನೇ ಫೈನಲ್ಸ್ ಲ್ಯೂಕಸ್ ಆಯಿಲ್‌ಗೂ ಹೋಯ್ತು. ಬಯಲಲ್ಲಿ ಜನರ ಕೂಗು ಸೀದಾ ಆಡೋರ ಮುಖಕ್ಕೆ ಹೋಗ್ತಿತ್ತು, ಅಷ್ಟು ದೊಡ್ಡ ಕಟ್ಟಡದಲ್ಲಿ ಮಾಡಿಗೆ ಬಡಿದು ಕಲಸಿಹೋಗತ್ತೆ, ಪಕ್ಕದೋನು ಕಿರುಚಿದ್ರೂ ಸ್ಟೇಡಿಯಂ ತಣ್ಣಗಿದೆ ಅನ್ಸತ್ತೆ.

ಇನ್ನೊಂದು, ಅಚ್ಚರಿ ಹೋಯ್ತು. ಮೊದಲು ಒಂದು ತಂಡಾನ ವರ್ಷಕ್ಕೊಮ್ಮೆ ತಮ್ಮೂರಿಗೆ ಬಂದಾಗ ನೋಡೋದು, ಆಮೇಲೆ ಎಲ್‌ಪಿ ರೆಕಾರ್ಡ್ ಬರೋವರೆಗೆ ಕಾಯೋದು. ಈಗ ಜೂನ್‌ನಿಂದಾನೇ ಲೈವ್ ಸ್ಟ್ರೀಮ್, ಫೈನಲ್ಸ್ ಹೊತ್ತಿಗೆ ನಿಮ್ಮ ಮೊಮ್ಮಗ ಪ್ರತಿ ಶೋನೂ ಹತ್ತು ಸಲ ನೋಡಿರ್ತಾನೆ. ಎಲ್ಲಿ ಏನಾಗತ್ತೆ ಅಂತ ಗೊತ್ತು, ಹಾಗಾಗಿ ಆಗೋಕೆ ಮುಂಚೇನೇ ಕೂಗ್ತಾರೆ, ಗಮನಿಸಿರ್ತೀರಿ. ತಂಡಾನೂ ಊರಿಂದಲ್ಲ, ಆಗ ಚರ್ಚಿನ ಹುಡುಗ್ರು, ಬೀದಿ ಹುಡುಗ್ರು ಸೇರಿ ಕಟ್ಟಿದ್ದು, ನೂರಾರು ಇದ್ವು, ನೋಡೋರು ಅವ್ರ ಅಕ್ಕಪಕ್ಕದ ಮನೆಯೋರು. ಈಗ ಮೇಲಿನ ದರ್ಜೇಲಿ ಇಪ್ಪತ್ತರ ಆಸುಪಾಸು ತಂಡ, ದೇಶದ ಮೂಲೆಮೂಲೆಯಿಂದ ಆಡಿಷನ್ ಕೊಟ್ಟು, ಸಾವಿರಾರು ಡಾಲರ್ ಫೀಸ್ ಕಟ್ಟಿ ಬರ್ತಾರೆ. ನೋಡೋಕೆ ಬರೋರಲ್ಲಿ ಬಹಳ ಜನ ಬ್ಯಾಂಡ್ ಮಕ್ಕಳು, ಅವ್ರ ಅಪ್ಪ ಅಮ್ಮ. ಪರೀಕ್ಷೆ ಕೊಠಡಿ ಹೊರಗೆ ಕೂತ ಪೇರೆಂಟ್ಸ್ ಥರ.

ಹಂಗಂತ ಪೂರ್ತಿ ಮೌನ ಅಂತಲ್ಲ. 2008ರಲ್ಲಿ ಫ್ಯಾಂಟಮ್ ರೆಜಿಮೆಂಟ್ ತಂಡ ರೋಮಿನ ಗುಲಾಮರ ನಾಯಕ ಸ್ಪಾರ್ಟಕಸ್ ಕಥೆ ಆಡಿದಾಗ, ಸಂಗೀತ ನಿಂತ ಒಂದು ಗಳಿಗೇಲಿ ಮೈದಾನದ ಹುಡುಗ್ರು ‘ನಾನೇ ಸ್ಪಾರ್ಟಕಸ್’ ಅಂತ ಕೂಗೋದಿತ್ತು. ಸೀಸನ್ ಮುಗಿಯೋ ಹೊತ್ತಿಗೆ ಗ್ಯಾಲರಿನೂ ಕೂಗೋಕೆ ಶುರು ಮಾಡಿತ್ತು. ಆ ವರ್ಷ 98.125ಕ್ಕೆ 98.100, ಕೂದಲೆಳೆ ಅಂತರದಲ್ಲಿ ಅವ್ರೇ ಗೆದ್ರು. ಕಿಟಕಿ ತೆಗೆದಿಟ್ರೆ ಜನ ಇಣುಕದೇ ಇರ್ತಾರಾ.

ಎಲ್ಲಾ ತಂಡಕ್ಕೂ ಎದ್ದು ನಿಲ್ಲೋದರ ಬಗ್ಗೆ ಕೇಳಿದ್ರಿ. ಹೌದು, ಅದು ಮದುವೆ ಮನೇಲಿ ಊಟ ಚೆನ್ನಾಗಿತ್ತು ಅನ್ನೋ ಮಾತಿನ ಹಂಗಾಗಿದೆ. ಮುಂದಿನ ಸಲ ಹೋದ್ರೆ ಶೋಗೆ ಎರಡು ಗಂಟೆ ಮುಂಚೆ ಪಾರ್ಕಿಂಗ್ ಜಾಗಕ್ಕೆ ಹೋಗಿ, ಡ್ರಮ್ಮಿನೋರು ಅಲ್ಲಿ ಅಭ್ಯಾಸ ಮಾಡ್ತಿರ್ತಾರೆ, ಸುತ್ತ ಮೂರು ಸಾಲು ಜನ. ಅಲ್ಲಿ ನಿಮ್ಮ ದುಗ್ಗಮ್ಮನ ಜಾತ್ರೆ ನೆನಪಾಗತ್ತೆ.

ಪ್ರಶ್ನೆ: ನಾನು ಬೆಂಗಳೂರಲ್ಲಿ ಕಾಲೇಜ್ ಬ್ಯಾಂಡಲ್ಲಿ ಸೈಡ್ ಡ್ರಮ್ ಬಾರಿಸ್ತೀನಿ. ಜನ ಮಧ್ಯದಲ್ಲಿ ಅಷ್ಟು ಜೋರಾಗಿ ಕೂಗಿದ್ರೆ ಆಡೋರ ತಾಳ ತಪ್ಪಲ್ವಾ ಸಾರ್?

ಉತ್ತರ: ತಪ್ಪತ್ತೆ, ಕಿವಿ ನಂಬಿದ್ರೆ. ಮೈದಾನ ಉದ್ದಕ್ಕೆ 100 ಗಜ, ಅಂದ್ರೆ 91 ಮೀಟರ್. ಶಬ್ದಕ್ಕೆ ಆ ತುದಿಯಿಂದ ಈ ತುದಿಗೆ ಬರೋಕೆ ಸುಮಾರು ಕಾಲು ಸೆಕೆಂಡ್ ಬೇಕು. ನಿಮಿಷಕ್ಕೆ 180 ಬೀಟ್ ಹೋಗ್ತಿದ್ರೆ ಒಂದು ಬೀಟ್ ಅಂದ್ರೆ ಸೆಕೆಂಡಿನ ಮೂರರಲ್ಲೊಂದು ಪಾಲು, ಲೆಕ್ಕ ಹಾಕ್ಕೊಳಿ, ಎದುರು ತುದಿ ಡ್ರಮ್ ಕೇಳಿ ನುಡಿಸಿದ್ರೆ ಹೆಚ್ಚುಕಮ್ಮಿ ಒಂದು ಬೀಟ್ ಹಿಂದೆ ಬಿದ್ದಿರ್ತೀಯ. ಅದಕ್ಕೇ ಅವ್ರ ಕಣ್ಣು ಮುಂದೆ ನಿಂತು ತಾಳ ತೋರಿಸೋ ಡ್ರಮ್ ಮೇಜರ್ ಕೈ ಮೇಲೆ, ಕಿವಿ ಹಿಂದೆ ಇರೋರ ಕಡೆಗೆ ಮಾತ್ರ. ಜನ ಕೂಗಿದಾಗ ಆ ಕಿವಿನೂ ಹೋಗತ್ತೆ, ಕಣ್ಣೊಂದೇ ಉಳಿಯೋದು. ಆದ್ರೂ ಆಡಿದೋರನ್ನ ಕೇಳು, ಆ ಗದ್ದಲಾನೇ ಬೇಕು ಅಂತಾರೆ.

ಪ್ರಶ್ನೆ: ಬ್ಲೂಕೋಟ್ಸ್ ತಂಡ ಬಂದ್ರೆ ಜನ ‘ಬೂ’ ಅಂತಾರಂತೆ, ಯಾಕೆ? ಮತ್ತೆ ಬ್ಲೂ ಡೆವಿಲ್ಸ್ ಗೆದ್ರೆ ಗೊಣಗ್ತಾರಂತೆ? (ಮೈಸೂರಿನ ಓದುಗರು)

ಉತ್ತರ: ಮೊದಲನೇದು ನಾನೂ ಮೋಸ ಹೋದದ್ದು. ಒಹಾಯೋದಲ್ಲಿದ್ದಾಗ ಒಂದು ಶೋನಲ್ಲಿ ಅಲ್ಲಿನ ಕ್ಯಾಂಟನ್ ಊರಿನ ಬ್ಲೂಕೋಟ್ಸ್ ಮೈದಾನಕ್ಕೆ ಬರ್ತಿದ್ದ ಹಾಗೇ ಇಡೀ ಗ್ಯಾಲರಿ ಊಊ ಅಂತು. ಛೆ, ತಮ್ಮೂರ ಮಕ್ಕಳಿಗೇ ಹೀಗಾ ಅಂತ ನಾನು ಬೇಕಂತ ಜೋರಾಗಿ ಚಪ್ಪಾಳೆ ಹೊಡೆದೆ. ಪಕ್ಕದ ಹೆಂಗಸು ನಕ್ಕು, ಅದು ‘ಬೂ’ ಅಲ್ಲ, ‘ಬ್ಲೂ’, ನೀವೂ ಕೂಗಿ ಅಂದ್ರು. ಎರಡನೇದು, ಬ್ಲೂ ಡೆವಿಲ್ಸ್ 1976ರಲ್ಲಿ ಮೊದಲು ಗೆದ್ದೋರು, ಇಲ್ಲೀವರೆಗೆ ಇಪ್ಪತ್ತಕ್ಕೂ ಹೆಚ್ಚು ಸಲ ಆಗಿದೆ. ರಣಜಿ ಟ್ರೋಫಿ ಮತ್ತೆ ಮುಂಬೈಗೆ ಹೋದಾಗ ನೀವು ಎಷ್ಟು ಜೋರಾಗಿ ಚಪ್ಪಾಳೆ ತಟ್ಟಿದ್ರಿ, ನೆನಪು ಮಾಡ್ಕೊಳಿ.